ಯಂತ್ರಕ್ಕೆ ಹಲ್ಮಿಡಿ ಕಂಡೀತೇ?

ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ಎರಡು ಬಗೆಯ ಮಾತುಗಳು ಹೆಚ್ಚಾಗಿ ಕೇಳಿಬರುತ್ತಿವೆ. ಒಂದು, ಅದು ಎಲ್ಲವನ್ನೂ ಬಲ್ಲದು ಎಂಬ ಬೆರಗು. ಇನ್ನೊಂದು, ಅದು ಎಲ್ಲವನ್ನೂ ಕಸಿದುಕೊಳ್ಳುತ್ತದೆ ಎಂಬ ಭಯ. ಇವೆರಡರ ನಡುವೆ ಒಂದು ಸರಳ ಪ್ರಶ್ನೆಯನ್ನು ನಾವು ಮರೆತಿದ್ದೇವೆ. ಯಂತ್ರ ಕಲಿಯುವ ಮಾಹಿತಿಯನ್ನು ಸಂಗ್ರಹಿಸಿದವರು, ತೂಗಿ ನೋಡಿದವರು ಯಾರು?

ಬೇಲೂರು ತಾಲೂಕಿನ ಹಲ್ಮಿಡಿಯನ್ನೇ ನೋಡೋಣ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು 1902ರಲ್ಲಿ ಪ್ರಕಟಿಸಿದರು. ಅಪಾರ ಶ್ರಮದ ಕೆಲಸವದು. ಆದರೂ ಹಲ್ಮಿಡಿ ಶಾಸನ ಅದರಲ್ಲಿಲ್ಲ. ಅದನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ. ನಡುವಿನ 34 ವರ್ಷಗಳಲ್ಲಿ ಇಂದಿನಂಥ ಯಂತ್ರವೊಂದು ಆ ಸಂಪುಟವನ್ನು ಅಕ್ಷರ ಬಿಡದೆ ಓದಿದ್ದರೂ ಹಲ್ಮಿಡಿಯ ಕಲ್ಲು ಅದಕ್ಕೆ ಕಾಣುತ್ತಿರಲಿಲ್ಲ. ಹುಡುಕಿ ಓದುವ ಮನುಷ್ಯನೇ ಬೇಕಿತ್ತು.

ಆ ಕಲ್ಲಿನಲ್ಲಿ ಇಸವಿಯಿಲ್ಲ. ಲಿಪಿ ಮತ್ತು ಭಾಷೆಯನ್ನು ಪರಿಶೀಲಿಸಿ ಅದರ ಕಾಲ ಸುಮಾರು ಕ್ರಿ.ಶ. 450 ಎಂದು ಹೇಳಲಾಗಿದೆ. ಅದನ್ನು ಆರನೇ ಶತಮಾನಕ್ಕೆ ತರುವ ವಿದ್ವಾಂಸರೂ ಇದ್ದಾರೆ. 'ಸುಮಾರು' ಎಂಬ ಆ ಪದದಲ್ಲಿ ವಿದ್ವಾಂಸರ ವಿವೇಕವಿದೆ. ನಕಲಿನಿಂದ ನಕಲಿಗೆ ಹೋಗುವಾಗ ಮೊದಲು ಉದುರಿ ಹೋಗುವುದೂ ಅದೇ ಪದ. ಹೆಚ್ಚು ಬಾರಿ ಅಚ್ಚಾದದ್ದೇ ಹೆಚ್ಚು ನಿಜ ಎಂದಾಗುವುದು ಹೀಗೆ.

ಇದು ಹಳೆಯ ಕಲ್ಲಿಗಷ್ಟೇ ಸೀಮಿತವಲ್ಲ. ಬೇಲೂರಿನ ಚೆನ್ನಕೇಶವ ರಥೋತ್ಸವದ ವೇಳೆ ಕುರ್‌ಆನ್ ಪಠಣ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಅದು ಸದ್ದಿಲ್ಲದೆ ನಡೆದ ವರ್ಷಗಳು ಹೊರಗಿನವರಿಗೆ ಸುದ್ದಿಯಾಗಲಿಲ್ಲ. 2022ರಲ್ಲಿ ಕೆಲವು ಸಂಘಟನೆಗಳು ವಿರೋಧಿಸಿದಾಗ ಮಾತ್ರ ವರದಿಗಳು ಸಾಲುಗಟ್ಟಿದವು. ಆ ವರ್ಷವೂ ಪಠಣ ನಡೆಯಿತು. ಬರೆದಿಟ್ಟದ್ದನ್ನಷ್ಟೇ ಎಣಿಸುವ ಯಂತ್ರಕ್ಕೆ ಬೇಲೂರು ಜಗಳದ ಊರಾಗಿ ಕಂಡರೆ ಅಚ್ಚರಿಯೇನಿದೆ? ನೆಮ್ಮದಿಯ ವರ್ಷಗಳನ್ನು ಯಾರೂ ದಾಖಲಿಸುವುದಿಲ್ಲವಲ್ಲ!

ಹಾಗೆಂದು ಯಂತ್ರವನ್ನು ದೂರಿ ಕೂರುವುದರಿಂದ ಪ್ರಯೋಜನವಿಲ್ಲ. ಕನ್ನಡದ ದತ್ತಾಂಶವನ್ನು ಸಿದ್ಧಪಡಿಸುವವರು ಶಾಸನತಜ್ಞರ ಜೊತೆಗೆ ಊರಿನ ಹಿರಿಯರನ್ನೂ ಕೇಳಬೇಕು. ಮೂಲವನ್ನು ನಮೂದಿಸಬೇಕು. ಅನುಮಾನವನ್ನು ಅನುಮಾನವಾಗಿಯೇ ದಾಖಲಿಸಬೇಕು. ಉತ್ತರ ಪಡೆಯುವ ನಾವೂ "ಇದು ಎಲ್ಲಿಂದ ಬಂತು, ಇದರಲ್ಲಿ ಯಾರ ಮಾತು ಬಿಟ್ಟುಹೋಗಿದೆ?" ಎಂದು ಕೇಳುವುದನ್ನು ಬಿಡಬಾರದು. ಆ ಕೆಲಸವನ್ನೂ ಯಂತ್ರಕ್ಕೇ ವಹಿಸಿದರೆ, ತಪ್ಪನ್ನು ತಿದ್ದುವವರು ಯಾರೂ ಉಳಿಯುವುದಿಲ್ಲ.