ಬೇರಿನ ಬಲ, ಊರಿನ ಬಲ

ನಮ್ಮ ಪಕ್ಕದ ಮಾಥೇರಾನಿನಲ್ಲೇ ಹುಟ್ಟಿದ ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು (1988) ಮೊನ್ನೆ ಡೊಂಬಿವಲಿ ಲೋಕಲ್‌ನಲ್ಲಿ ಮತ್ತೆ ಓದಿದೆ. ಕುರುಡವ್ವ ಕೊಡುವ ವಶೀಕರಣದ ಬೇರಿಗೆ ನಾಟಕದಲ್ಲಿ ಕಟ್ಟುನಿಟ್ಟಾದ ನಿಯಮಗಳಿವೆ. ಚಿಕ್ಕ ತುಂಡನ್ನು ಹಾಲಿನಲ್ಲಿ ಬೆರೆಸಿ ಕೊಟ್ಟರೆ ಅಪ್ಪಣ್ಣನಿಗೆ ತಲೆ ತಿರುಗುತ್ತದೆ, ಅಷ್ಟೇ; ಎಂದಿನಂತೆ ಬಾಗಿಲಿಗೆ ಬೀಗ ಹಾಕಿ ಹೊರಟುಹೋಗುತ್ತಾನೆ. ದೊಡ್ಡ ತುಂಡು ಬಿದ್ದ ಸಾರು ರಕ್ತದಂತೆ ಕೆಂಪಾಗಿ ಕುದಿಯುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಗಂಡನೋ ಹಾವೋ ಎಂದು ಆ ಶಕ್ತಿ ನೋಡುವುದಿಲ್ಲ, ಕುಡಿದವರನ್ನು ಹಿಡಿಯುತ್ತದೆ. ನಾಗ ಒಲಿಯುವುದು ಹಾಗೆ.

ಹಾಗಾದರೆ ಆ ಸಾರನ್ನು ಮುಟ್ಟದ ಅಪ್ಪಣ್ಣ ಕೊನೆಗೆ ಬದಲಾಗುವುದೇಕೆ? ಇದನ್ನು ನಾಟಕದ ಸಡಿಲ ಗಂಟು ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನಾಗದಿವ್ಯದಲ್ಲಿ ಗೆದ್ದ ರಾಣಿಯನ್ನು ಊರೇ ದೇವಿಯೆಂದು ಕೊಂಡಾಡಿದಾಗ ಅವನು ಅವಳ ಕಾಲಿಗೆ ಬೀಳುತ್ತಾನೆ. ಅವನನ್ನು ಬಗ್ಗಿಸಿದ್ದು ಬೇರಲ್ಲ, ಊರು. ಇದನ್ನು ಪ್ರೀತಿ ಎಂದು ಓದುವುದು ತಪ್ಪು.

ಮದುವೆಯಾದ ಹೊಸತರಲ್ಲಿ ನಾನೂ ಹೊರಗಿನಿಂದ ಬೀಗ ಹಾಕಿಯೇ ಆಫೀಸಿಗೆ ಹೋಗುತ್ತಿದ್ದೆ. ಮುಂಬಯಿ ಅವಳಿಗೆ ಹೊಸದು, ಭಾಷೆ ಬಾರದು ಎಂಬ ನೆಪವಿತ್ತು. ತಪ್ಪು ಎನ್ನಲು ಆ ಫ್ಲಾಟಿನ ಸುತ್ತ ಊರಿರಲಿಲ್ಲ. ಬೀಗ ಬಿಡಲು ನನಗೆ ಎಂಟು ತಿಂಗಳು ಬೇಕಾಯಿತು.