ಬೊಗೊಟಾದಲ್ಲಿ ಚಿಚಾ ಸೋತ ಬಗೆ

ಕೊಲಂಬಿಯಾದ ಬಿಯರ್ ಉದ್ಯಮದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನೊಂದು ಗೆಲುವಿನ ಕಥೆಯಾಗಿ ಹೇಳುತ್ತಾರೆ. ಜರ್ಮನಿಯ ಆಫನ್‌ಬಾಖ್‌ನಿಂದ ವಲಸೆ ಬಂದ ಲಿಯೋ ಕೋಪ್ ಎಂಬ ಯಹೂದಿ ವ್ಯಾಪಾರಿ 1889ರಲ್ಲಿ ಬೊಗೊಟಾದಲ್ಲಿ ಬವಾರಿಯಾ ಕಾರ್ಖಾನೆ ಶುರುಮಾಡಿದ. ಶುಚಿಯಾದ, ಎಂದು ಕುಡಿದರೂ ಅದೇ ರುಚಿಯ ಪೇಯವನ್ನು ಬಾಟಲಿಯಲ್ಲಿ ತುಂಬಿ ಜನರ ಕೈಗಿತ್ತ. ಮಣ್ಣಿನ ಮಡಕೆಗಳಲ್ಲಿ ಹುಳಿಬರುತ್ತಿದ್ದ ಮುಸುಕಿನ ಜೋಳದ ಚಿಚಾ ಅದರೆದುರು ನಿಲ್ಲಲಾರದೆ ಹಿಂದೆ ಸರಿಯಿತು. ಈ ಕಥೆಯ ಬಹುಪಾಲು ಸುಳ್ಳಲ್ಲ, ಆದರೆ ಇರಬೇಕಾದ ಮುಖ್ಯ ಸಂಗತಿಯೇ ಇಲ್ಲ. ಬವಾರಿಯಾ ಶುರುವಾಗಿ ಅರವತ್ತು ವರ್ಷ ಆಗುತ್ತಾ ಬಂದಿದ್ದ 1948ರಲ್ಲೂ ಬೊಗೊಟಾದ ಕೂಲಿಕಾರರು, ಸುತ್ತಲ ಎತ್ತರದ ನಾಡಿನ ರೈತರು ಚಿಚಾ ಕುಡಿಯುತ್ತಲೇ ಇದ್ದರು. ಎರಡು ತಲೆಮಾರು ಕಳೆದರೂ ಬಿಯರ್‌ಗೆ ಆಗದ ಕೆಲಸವನ್ನು ಮಾಡಿದ್ದು ಸರ್ಕಾರದ ಕಾನೂನು. ಆ ಕಾನೂನಿಗೆ ಕೊಟ್ಟ ಕಾರಣ ನೈರ್ಮಲ್ಯ. ಕಾರಣ ನಿಜವಾದದ್ದೇ ಇರಬಹುದು, ಆದರೆ ಅದಕ್ಕೆ ಹಿಡಿದ ಮದ್ದು ರೋಗಕ್ಕೆ ತಕ್ಕದ್ದಾಗಿರಲಿಲ್ಲ ಎಂಬುದು ನನ್ನ ವಾದ.

ಮೊದಲು ಚಿಚಾ ಏನೆಂದು ನೋಡೋಣ. ಸ್ಪೇನಿನವರು ಬರುವ ಮೊದಲು ಬೊಗೊಟಾದ ಎತ್ತರದ ಬಯಲಿನಲ್ಲಿ ಬಾಳಿದ್ದ ಮುಯಿಸ್ಕಾ ಜನರ ಹಬ್ಬ, ಬಿತ್ತನೆ, ಸಾವು, ಮನೆ ಕಟ್ಟುವ ಕೆಲಸ ಎಲ್ಲದರಲ್ಲೂ ಅದು ಇತ್ತು. ಜೋಳವನ್ನು ನೆನೆಸಿ, ಅರೆದು, ಬೇಯಿಸಿ, ದೊಡ್ಡ ಮಡಕೆಗಳಲ್ಲಿ ಹುದುಗಲು ಬಿಡುತ್ತಾರೆ. ಕಬ್ಬು ಬಂದ ಮೇಲೆ ಬೆಲ್ಲದ ಪಾಕವೂ ಸೇರಿತು. ಹುದುಗಿದ್ದನ್ನು ಬುರುಡೆಯ ಬಟ್ಟಲಲ್ಲಿ ಹಂಚುತ್ತಾರೆ. ಮಂದವಾದ, ಹುಳಿಸಿಹಿಯ ಈ ಪೇಯ ಬಡವನಿಗೆ ಅಮಲೂ ಹೌದು, ಒಂದು ಹೊತ್ತಿನ ಅನ್ನವೂ ಹೌದು. ಹತ್ತೊಂಬತ್ತನೆಯ ಶತಮಾನದ ಬೊಗೊಟಾದಲ್ಲಿ ಚಿಚಾ ಅಂಗಡಿ ಎಂದರೆ ಊಟ ಸಿಗುವ, ಸಾಲ ಹುಟ್ಟುವ, ಹಳ್ಳಿಯಿಂದ ಬಂದವನಿಗೆ ಪರಿಚಯದವರು ಸಿಗುವ ಜಾಗ. ಅದನ್ನು ಮಾಡಿ ಮಾರುವವರಲ್ಲಿ ಹೆಂಗಸರು ಬಹಳ. ಇದರಲ್ಲಿ ಕೊಳಕೂ ಇತ್ತು, ಜಗಳವೂ ಇತ್ತು. ವಸಾಹತು ಕಾಲದ ಅಧಿಕಾರಿಗಳೂ ಪಾದ್ರಿಗಳೂ ಚಿಚಾವನ್ನು ನಿಲ್ಲಿಸಲು ಮತ್ತೆ ಮತ್ತೆ ಆಜ್ಞೆ ಹೊರಡಿಸಿದ್ದರು. ಹಾಗೆ ಮತ್ತೆ ಮತ್ತೆ ಹೊರಡಿಸಬೇಕಾಗಿ ಬಂದದ್ದೇ ಯಾವ ಆಜ್ಞೆಯೂ ನಡೆಯಲಿಲ್ಲ ಎಂಬುದಕ್ಕೆ ಸಾಕ್ಷಿ.

ಕೋಪ್ ಮಾಡಿದ ಕೆಲಸದ ಹಿರಿಮೆಯನ್ನು ಕಡಿಮೆ ಮಾಡಿ ಹೇಳುವ ಅಗತ್ಯ ನನಗಿಲ್ಲ. ಸಮುದ್ರದಿಂದ ದೂರ, ಸುಮಾರು 2,600 ಮೀಟರ್ ಎತ್ತರದಲ್ಲಿರುವ ಊರಿಗೆ ಯಂತ್ರಗಳನ್ನು ನದಿಯ ದೋಣಿಗಳಲ್ಲೂ ಹೇಸರಗತ್ತೆಗಳ ಬೆನ್ನಮೇಲೂ ಸಾಗಿಸಬೇಕಿದ್ದ ಕಾಲ ಅದು. ಬಾಟಲಿಗಳು ಹೊರದೇಶದಿಂದ ಬಂದರೆ ದುಬಾರಿ, ದಾರಿಯಲ್ಲಿ ಒಡೆದರೆ ನಷ್ಟ; ಹಾಗಾಗಿ ಬವಾರಿಯಾ ಆ ಶತಮಾನ ಮುಗಿಯುವುದರೊಳಗೇ ಫೆನಿಸಿಯಾ ಎಂಬ ಗಾಜಿನ ಕಾರ್ಖಾನೆಯನ್ನು ತಾನೇ ತೆರೆಯಿತು. ಬಾರ್ಲಿ ಬೆಳೆಯಲು ಬೊಯಾಕಾ, ಕುಂದಿನಾಮಾರ್ಕಾ ಪ್ರಾಂತಗಳ ರೈತರನ್ನು ಹುರಿದುಂಬಿಸಿತು. ಕಾರ್ಖಾನೆಯ ಬಳಿಯ ಗುಡ್ಡದ ಇಳಿಜಾರಿನಲ್ಲಿ ಅದರ ಕಾರ್ಮಿಕರು ಮನೆ ಕಟ್ಟಿಕೊಳ್ಳಲು ಕೋಪ್ ನೆರವಾದ. ಇವತ್ತಿನ ಲಾ ಪೆರ್ಸೆವೆರಾನ್ಸಿಯಾ ಬಡಾವಣೆ ಬೆಳೆದದ್ದು ಹಾಗೆ. ಬೊಗೊಟಾದ ಕೇಂದ್ರ ಸ್ಮಶಾನದಲ್ಲಿ ಅವನ ಗೋರಿಯ ಮೇಲಿರುವ ಪ್ರತಿಮೆಯ ಕಿವಿಯಲ್ಲಿ ಕೆಲಸ ಕೊಡಿಸು, ಕಷ್ಟ ಕಳೆ ಎಂದು ಪಿಸುಗುಟ್ಟಿ ಹರಕೆ ಹೊರುವ ಬಡವರು ಈಗಲೂ ಇದ್ದಾರೆ. ಒಬ್ಬ ಕಾರ್ಖಾನೆಯ ಒಡೆಯನಿಗೆ ಇಂಥ ಭಕ್ತಿ ಸುಮ್ಮನೆ ಸಿಗುವುದಿಲ್ಲ. ಮಾರುಕಟ್ಟೆಯ ಜಾಣತನವೂ ಅವನಲ್ಲಿ ಹೇರಳವಾಗಿತ್ತು. ಸ್ವಾತಂತ್ರ್ಯದ ನೂರನೇ ವರ್ಷದ ಸಂಭ್ರಮದ ಹೊತ್ತಿಗೆ ಬವಾರಿಯಾ ‘ಲಾ ಪೋಲಾ’ ಎಂಬ ಅಗ್ಗದ ಬಿಯರ್ ಹೊರತಂದಿತು; 1817ರಲ್ಲಿ ಸ್ಪೇನಿನವರ ಗುಂಡಿಗೆ ಬಲಿಯಾದ ಹೋರಾಟಗಾರ್ತಿ ಪೊಲಿಕಾರ್ಪಾ ಸಲಾವರ್ರಿಯೆತಾಳ ಹೆಸರದು. ವಿದೇಶಿ ಪೇಯಕ್ಕೆ ದೇಶಪ್ರೇಮದ ಚೀಟಿ ಅಂಟಿತು. ‘ಇನ್ನು ಚಿಚಾ ಸಾಕು’ ಎಂಬ ಅರ್ಥದ ಹೆಸರಿನ ಇನ್ನೊಂದು ಬಿಯರನ್ನೂ ಇದೇ ಕಂಪನಿ ಮಾರಿತು. ಎದುರಾಳಿ ಯಾರೆಂಬುದರಲ್ಲಿ ಅದಕ್ಕೆ ಗೊಂದಲವೇ ಇರಲಿಲ್ಲ.

ಇಷ್ಟೇ ಆಗಿದ್ದರೆ ಇದು ವ್ಯಾಪಾರದ ಪೈಪೋಟಿ, ತಕರಾರಿಗೆ ಕಾರಣವಿಲ್ಲ. ಆದರೆ ಬವಾರಿಯಾ ಹುಟ್ಟಿದ 1889ರಲ್ಲೇ ವೈದ್ಯ ಲಿಬೋರಿಯೊ ಸೆರ್ದಾ ಚಿಚಾದ ರಾಸಾಯನಿಕ ಗುಣ ಮತ್ತು ಅದರಿಂದಾಗುವ ರೋಗಗಳ ಬಗ್ಗೆ ಅಧ್ಯಯನವೊಂದನ್ನು ಪ್ರಕಟಿಸಿದ್ದ. ಅಲ್ಲಿಂದ ಮುಂದೆ ‘ಚಿಚಿಸ್ಮೊ’ ಎಂಬ ಪ್ರತ್ಯೇಕ ಕಾಯಿಲೆಯೇ ವೈದ್ಯರ ಮಾತಿನಲ್ಲಿ ಹುಟ್ಟಿಕೊಂಡಿತು. ಬಿಯರ್ ಕುಡಿದು ಹಾಳಾದವನು ಬರೀ ಕುಡುಕ. ಚಿಚಾ ಕುಡಿದು ಹಾಳಾದವನಿಗೆ ಮಾತ್ರ ಬೇರೆಯೇ ಹೆಸರಿನ ರೋಗ. 1920ರಲ್ಲಿ ಬೊಗೊಟಾದಲ್ಲಿ ಕೊಲಂಬಿಯಾದ ಜನಾಂಗ ಕ್ಷೀಣಿಸುತ್ತಿದೆಯೇ ಎಂಬ ಬಗ್ಗೆ ವಿದ್ವಾಂಸರ ಉಪನ್ಯಾಸಮಾಲೆ ನಡೆಯಿತು. ಅಲ್ಲಿ ಮಾತನಾಡಿದವರಲ್ಲಿ ಹೋರ್ಹೆ ಬೆಹರಾನೊ ಎಂಬ ವೈದ್ಯನೂ ಒಬ್ಬ. ಜನಾಂಗವೇ ಕೆಟ್ಟಿದೆ ಎಂಬ ಕಠೋರ ವಾದವನ್ನು ಅವನು ಒಪ್ಪಲಿಲ್ಲ ಎನ್ನುವುದನ್ನು ನ್ಯಾಯವಾಗಿ ಹೇಳಬೇಕು. ತಪ್ಪು ರಕ್ತದ್ದಲ್ಲ, ಬಡತನ, ಅಜ್ಞಾನ, ಕುಡಿತದ್ದು ಎಂದ. ಆದರೆ ಕುಡಿತ ಎಂದಾಗ ಅವನ ಬೆರಳು ತೋರಿದ್ದು ಚಿಚಾದ ಕಡೆಗೆ. 1948ರ ಏಪ್ರಿಲ್ 9ರಂದು ಜನನಾಯಕ ಹೋರ್ಹೆ ಎಲಿಯೆಸೆರ್ ಗೈತಾನ್‌ನ ಕೊಲೆಯಾಗಿ ಬೊಗೊಟಾ ಹೊತ್ತಿ ಉರಿದ ವರ್ಷ ಇದೇ ಬೆಹರಾನೊ ನೈರ್ಮಲ್ಯ ಸಚಿವನಾಗಿದ್ದ. ದಂಗೆಯ ಹೊಣೆಯನ್ನು ಚಿಚಾ ತಲೆಗೇರಿದ ಜನರ ಮೇಲೆ ಹೊರಿಸುವುದು ಆಳುವವರಿಗೆ ಅನುಕೂಲವಾಯಿತು. ಅದೇ ವರ್ಷದ ಆಜ್ಞೆ, ಆಮೇಲೆ 34ನೇ ಸಂಖ್ಯೆಯ ಕಾನೂನು, ಚಿಚಾವನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದವು. ಹುದುಗು ಪೇಯವನ್ನು ಕಾರ್ಖಾನೆಯ ಕ್ರಮದಲ್ಲೇ ತಯಾರಿಸಬೇಕು, ಮುಚ್ಚಿದ ಗಾಜಿನ ಬಾಟಲಿಗಳಲ್ಲೇ ಮಾರಬೇಕು ಎಂಬುದು ಷರತ್ತು. ಚಿಚಾ ಪೆದ್ದರನ್ನಾಗಿಸುತ್ತದೆ, ಜೈಲು ತುಂಬಿಸುತ್ತದೆ ಎಂದು ಸಾರುವ ಭಿತ್ತಿಪತ್ರಗಳು ಗೋಡೆಗಳನ್ನು ಆವರಿಸಿದವು. 1950ರಲ್ಲಿ ಬೆಹರಾನೊ ಬರೆದ ಪುಸ್ತಕದ ಹೆಸರೇ ‘ಒಂದು ದುಶ್ಚಟದ ಸೋಲು’.

ಇದಕ್ಕೆ ಎದುರು ಬರುವ ಮೊದಲ ಮಾತು, ಚಿಚಾ ನಿಜಕ್ಕೂ ಕೊಳಕಾಗಿತ್ತಲ್ಲ ಎಂಬುದು. ಹೌದು, ಎಷ್ಟೋ ಅಂಗಡಿಗಳಲ್ಲಿ ಕೊಳಕಾಗಿತ್ತು. ಆದರೆ ಆ ಊರಿನ ನೀರೂ ಕೊಳಕಾಗಿತ್ತು, ಹಾಲೂ ಕೊಳಕಾಗಿತ್ತು. ನೀರನ್ನು ಶುದ್ಧೀಕರಿಸಿದರು, ಹಾಲನ್ನು ಪರೀಕ್ಷೆಗೆ ಒಳಪಡಿಸಿದರು, ಎರಡನ್ನೂ ನಿಷೇಧಿಸಲಿಲ್ಲ. ಚಿಚಾದ ಜೋಳ ಬೆಂದೇ ಮಡಕೆ ಸೇರುವಂಥದ್ದು. ಶುದ್ಧ ನೀರು, ತೊಳೆದ ಪಾತ್ರೆ, ಮುಚ್ಚಳ, ಆಗಾಗ ಬರುವ ತನಿಖಾಧಿಕಾರಿ ಇಷ್ಟು ಇದ್ದರೆ ಅದರ ದೋಷದ ಬಹುಪಾಲು ಕಳೆಯುತ್ತಿತ್ತು. ಕಾನೂನು ಕೇಳಿದ್ದು ಇದನ್ನಲ್ಲ. ಬಾಟಲಿ ತುಂಬುವ ಯಂತ್ರವನ್ನು, ಎಂದರೆ ಬಂಡವಾಳವನ್ನು. ಹಿತ್ತಿಲಲ್ಲಿ ನಾಲ್ಕು ಮಡಕೆ ಇಟ್ಟುಕೊಂಡ ಹೆಂಗಸಿಗೆ ಶುಚಿ ಸಾಧ್ಯವಿತ್ತು, ಕಾರ್ಖಾನೆ ಸಾಧ್ಯವಿರಲಿಲ್ಲ. ಎರಡನೆಯ ಮಾತು ಅಮಲಿನದು: ಹಿಂಸೆಯನ್ನು ತಡೆಯಲು ಕುಡಿತವನ್ನು ತಡೆಯಲೇಬೇಕಿತ್ತು ಎನ್ನುತ್ತಾರೆ. ಈ ವಾದ ಒಂದೇ ಏಟಿಗೆ ಬೀಳುತ್ತದೆ. ಕಬ್ಬಿನಿಂದ ಬಟ್ಟಿ ಇಳಿಸಿದ, ಚಿಚಾಕ್ಕಿಂತ ಎಷ್ಟೋ ಪಟ್ಟು ಖಾರವಾದ ಅಗ್ವಾರ್ದಿಯೆಂತೆ ಎಂಬ ಶರಾಬು ಪ್ರಾಂತೀಯ ಸರ್ಕಾರಗಳದೇ ಏಕಸ್ವಾಮ್ಯದಲ್ಲಿತ್ತು. ಅದರ ಆದಾಯದಿಂದ ಬೊಕ್ಕಸ ತುಂಬುತ್ತಿತ್ತು. ದಂಗೆಯ ದಿನ ಜನ ಲೂಟಿ ಮಾಡಿದ್ದು ಮದ್ಯದಂಗಡಿಗಳ ಬಾಟಲಿಗಳನ್ನು. ಆದರೂ ನಿಷೇಧ ಬಂದದ್ದು ತೆರಿಗೆಯ ಲೆಕ್ಕಕ್ಕೆ ಸುಲಭವಾಗಿ ಸಿಗದಿದ್ದ ಮಡಕೆಗೆ. ಮೂರನೆಯ ವಾದ ಹೆಚ್ಚು ಗಟ್ಟಿ: ರೈಲು, ಲಾರಿ, ಜಾಹೀರಾತು ಎಲ್ಲ ಬಿಯರ್ ಪಕ್ಷದಲ್ಲಿದ್ದವು, ಕಾನೂನು ಇಲ್ಲದಿದ್ದರೂ ಅದು ಗೆಲ್ಲುತ್ತಿತ್ತು. ದೊಡ್ಡ ಪಾಲು ಗೆಲ್ಲುತ್ತಿತ್ತು, ಒಪ್ಪುತ್ತೇನೆ. ಆದರೆ ದೊಡ್ಡ ಪಾಲು ಬೇರೆ, ಎದುರಾಳಿಯೇ ಇಲ್ಲದಿರುವುದು ಬೇರೆ. ಬೆಳಕಿನಲ್ಲಿ ಉಳಿದ ಕಸುಬು ತನ್ನನ್ನು ತಿದ್ದಿಕೊಳ್ಳುತ್ತದೆ. ಕತ್ತಲೆಗೆ ತಳ್ಳಿದ ಕಸುಬು ಕೊಳಕಾಗಿಯೇ ಉಳಿಯುತ್ತದೆ, ಆಮೇಲೆ ಆ ಕೊಳಕನ್ನೇ ನಿಷೇಧಕ್ಕೆ ಸಮರ್ಥನೆಯಾಗಿ ತೋರಿಸಲಾಗುತ್ತದೆ.

ಎದುರಾಳಿ ಇಲ್ಲದ ಉದ್ಯಮ ಏನಾಯಿತು ಎಂಬುದೂ ಈ ವಿಮರ್ಶೆಗೆ ಸೇರಿದ್ದು. 1930ರಲ್ಲೇ ಹಲವು ಬಿಯರ್ ಕಾರ್ಖಾನೆಗಳು ಬವಾರಿಯಾ ಒಕ್ಕೂಟದೊಳಗೆ ಸೇರಿದ್ದವು. 1960ರ ದಶಕದ ಕೊನೆಗೆ ಬರ್ರಾಂಕಿಯಾದ ಆಗಿಲಾ ಬಿಯರ್‌ನ ಒಡೆಯರಾದ ಸಾಂತೊ ದೊಮಿಂಗೊ ಮನೆತನ ಇಡೀ ಬವಾರಿಯಾದ ಮೇಲೆ ಹಿಡಿತ ಸಾಧಿಸಿತು. 2005ರಲ್ಲಿ ಆ ಮನೆತನ ಅದನ್ನು ಬಹುರಾಷ್ಟ್ರೀಯ ಬಿಯರ್ ಕಂಪನಿ ಸ್ಯಾಬ್‌ಮಿಲ್ಲರ್‌ಗೆ ಸುಮಾರು 780 ಕೋಟಿ ಡಾಲರ್ ಬೆಲೆಗೆ ಒಪ್ಪಿಸಿತು. ನಾಕೌಟ್ ಬಿಯರ್ ತಯಾರಿಸುತ್ತಿದ್ದ ನಮ್ಮ ಮೈಸೂರು ಬ್ರೂವರೀಸನ್ನು ಅಷ್ಟರಲ್ಲಾಗಲೇ ಕೊಂಡಿದ್ದದ್ದೂ ಇದೇ ಸ್ಯಾಬ್‌ಮಿಲ್ಲರ್ ಬಳಗ. 2016ರಲ್ಲಿ ಸ್ಯಾಬ್‌ಮಿಲ್ಲರನ್ನೇ ಇನ್ನೂ ದೊಡ್ಡ ಬಿಯರ್ ಕಂಪನಿಯಾದ ಎಬಿ ಇನ್‌ಬೆವ್ ನುಂಗಿತು. ಆಗಿಲಾ, ಪೋಕರ್, ಕ್ಲಬ್ ಕೊಲಂಬಿಯಾ, ಕೋಸ್ತೆನ್ಯಾ ಎಂದು ಹೆಸರು ಹಲವಿದ್ದರೂ ಬಹುಮಟ್ಟಿಗೆ ಒಂದೇ ಬಗೆಯ ತೆಳು ಲಾಗರ್, ಒಬ್ಬನೇ ಒಡೆಯ. 2002ರಲ್ಲಿ ಹುಟ್ಟಿದ ಬೊಗೊಟಾ ಬಿಯರ್ ಕಂಪನಿ ಸ್ವಲ್ಪ ಬೇರೆ ರುಚಿ ತಂದಿತು. 2015ರಲ್ಲಿ ಅದೂ ಎಬಿ ಇನ್‌ಬೆವ್ ಕೈಸೇರಿತು. ಇದಕ್ಕೂ ಮೊದಲೇ, 1990ರ ದಶಕದಲ್ಲಿ ಆಮದಿನ ಬಾಗಿಲು ತೆರೆದಾಗ ಅಗ್ಗದ ವಿದೇಶಿ ಬಾರ್ಲಿ ಬಂದು ಬೊಯಾಕಾದ ಬಾರ್ಲಿ ಹೊಲಗಳು ಕುಗ್ಗಿಹೋದವು. ಒಬ್ಬನೇ ಖರೀದಿದಾರನನ್ನು ನಂಬಿದ ರೈತ ಹೋಗಿ ಮಾರುವ ಬೇರೆ ಬಾಗಿಲಿರಲಿಲ್ಲ. ಇಲ್ಲಿ ನನಗೆ ಅತಿ ಹೆಚ್ಚು ನೋವು ತರುವ ಸಂಗತಿ ಇದೇ. ಚಿಚಾ ಹೋಯಿತು, ಹೋಗಲಿ, ರೈತನಿಗೆ ಬಾರ್ಲಿ ಬಂತು ಎಂದು ಸಮಾಧಾನ ಹೇಳುವ ಹಾಗೂ ಉಳಿಯಲಿಲ್ಲ.

ಬಿಯರ್ ತೆರಿಗೆಯಿಂದ ಆಸ್ಪತ್ರೆ ನಡೆಯುತ್ತದೆ ಎಂಬ ಉತ್ತರ ಸಿದ್ಧವಾಗಿದೆ. 1995ರ ಕಾನೂನಿನ ಪ್ರಕಾರ ಬಿಯರ್ ಮೇಲಿನ ಬಳಕೆ ತೆರಿಗೆ ಶೇ. 48, ಅದರಲ್ಲಿ ಎಂಟು ಪಾಲು ಆರೋಗ್ಯ ಸೇವೆಗೆ. ಒಳ್ಳೆಯದೇ. ಆದರೆ ತಾನೇ ನಿಯಂತ್ರಿಸಬೇಕಾದ ಪೇಯದ ಮಾರಾಟ ಹೆಚ್ಚಿದಷ್ಟೂ ಲಾಭ ಕಾಣುವ ಸರ್ಕಾರ ನೈರ್ಮಲ್ಯದ ವಿಷಯದಲ್ಲಿ ನಿಷ್ಪಕ್ಷಪಾತಿ ನ್ಯಾಯಾಧೀಶನಾಗಿರಲಾರದು. ಈಗ ಬೊಗೊಟಾದ ಹಳೆಯ ಪೇಟೆಯಲ್ಲಿ ಪ್ರವಾಸಿಗರಿಗಾಗಿ ಚಿಚಾ ಮತ್ತೆ ಸಿಗುತ್ತದೆ. ಬವಾರಿಯಾ ಕಾರ್ಮಿಕರ ಬಡಾವಣೆಯಾದ ಲಾ ಪೆರ್ಸೆವೆರಾನ್ಸಿಯಾದಲ್ಲೇ ಚಿಚಾ ಹಬ್ಬ ನಡೆಯುತ್ತದೆ. ಹಬ್ಬ ಮಾಡಿ ಕೈತೊಳೆದುಕೊಂಡರೆ ಸಾಲದು. ಸಣ್ಣ ಪ್ರಮಾಣದಲ್ಲಿ ಚಿಚಾ ಮಾಡುವವರಿಗೆ ಕೈಗೆಟುಕುವ ಪರವಾನಗಿ, ನೀರು ಮತ್ತು ಪಾತ್ರೆಯ ಪರೀಕ್ಷೆ, ಬಿಯರ್‌ಗೆ ಇರುವಷ್ಟೇ ನೇರವಾದ ಮಾರಾಟದ ಹಕ್ಕು ಸಿಗಬೇಕು. 1948ರಲ್ಲಿ ಕೊಲಂಬಿಯಾ ಸರ್ಕಾರ ಮಾಡಬೇಕಾಗಿದ್ದುದು ಇದನ್ನೇ, ಈಗಲೂ ಮಾಡಬಹುದು.