ಬೆಂಗಳೂರು ಕೋಟೆಯ ಬಾಗಿಲು: ಕಲ್ಲಿನ ದಾಖಲೆ ಮತ್ತು ಮೌಖಿಕ ಸ್ಮೃತಿ

ಬೆಂಗಳೂರಿನಲ್ಲಿ ಉಳಿದುಬಂದಿರುವ ಪ್ರಾಚೀನ ಕಟ್ಟಡಗಳ ಅಧ್ಯಯನಗಳು ಬಹುಮಟ್ಟಿಗೆ ಮೂರು ಪ್ರಶ್ನೆಗಳಲ್ಲಿ ಮುಗಿಯುತ್ತವೆ: ಕಟ್ಟಿಸಿದವರು ಯಾರು, ಯಾವಾಗ, ಯಾವ ಶೈಲಿಯಲ್ಲಿ? ಜನಸಮುದಾಯ ಆ ಕಟ್ಟಡವನ್ನು ಹೇಗೆ ನೆನೆಯುತ್ತದೆ ಎಂಬ ನಾಲ್ಕನೆಯ ಪ್ರಶ್ನೆ ಅಡಿಟಿಪ್ಪಣಿಗೆ ಸರಿಯುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಸಮೀಪವಿರುವ ಕೋಟೆಯ ಬಾಗಿಲು ಈ ಕೊರತೆಗೆ ಉತ್ತಮ ನಿದರ್ಶನ.

ಒಂದನೆಯ ಕೆಂಪೇಗೌಡ 1537ರಲ್ಲಿ ಕಟ್ಟಿಸಿದ ಕೋಟೆ ಮಣ್ಣಿನದು. ಇಂದು ಕಾಣುವ ಕಲ್ಲಿನ ರಚನೆ 1761ರಿಂದ ಹೈದರಾಲಿ ಕೈಗೊಂಡ ಪುನರ್ನಿರ್ಮಾಣಕ್ಕೆ ಸೇರಿದ್ದು. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಕೋಟೆಯನ್ನು ಭೇದಿಸಿತು. ಕಿಲ್ಲೇದಾರ ಬಹದ್ದೂರ್ ಖಾನ್ ಕಾಳಗದಲ್ಲಿ ಮಡಿದನು. ಮುಂದೆ ಕೋಟೆಯ ಬಹುಭಾಗ ನೆಲಸಮವಾಯಿತು. ದೆಹಲಿ ದ್ವಾರ, ಅದಕ್ಕೆ ಹೊಂದಿದ ಗೋಡೆ, ಒಳಗಿನ ಗಣಪತಿ ಗುಡಿ ಉಳಿದವು. ಗೋಡೆಯ ಮೇಲಿನ ಅಮೃತಶಿಲೆಯ ಫಲಕ ಬ್ರಿಟಿಷರ ಮುತ್ತಿಗೆಯನ್ನು ಸ್ಮರಿಸುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪಟ್ಟಿ ಈ ಸ್ಥಳವನ್ನು ಹಳೆಯ ಸೆರೆಮನೆಯ ಹೆಸರಿನಿಂದ ಗುರುತಿಸುತ್ತದೆ. ಬರಹದಲ್ಲಿ ಉಳಿದದ್ದು ಗೆದ್ದವರ ನೆನಪು ಮತ್ತು ಸೆರೆಯ ನೆನಪು.

ಮೌಖಿಕ ಪರಂಪರೆಯ ನೆನಪು ಬೇರೆ. ಕೋಟೆಯ ಹೆಬ್ಬಾಗಿಲು ಕಟ್ಟಿದಷ್ಟು ಸಲವೂ ಬೀಳುತ್ತದೆ. ನರಬಲಿಯಾಗಬೇಕೆಂಬ ಮಾತು ಬರುತ್ತದೆ. ಕೆಂಪೇಗೌಡನ ತುಂಬು ಗರ್ಭಿಣಿ ಸೊಸೆ ಲಕ್ಷ್ಮಮ್ಮ ತಾನೇ ಪ್ರಾಣ ನೀಡುತ್ತಾಳೆ. ಈ ಐತಿಹ್ಯದ ಸ್ಮಾರಕವಿರುವುದು ಕೋಟೆಯಲ್ಲಲ್ಲ, ಕೋರಮಂಗಲದಲ್ಲಿ. 'ಕೆರೆಗೆ ಹಾರ'ದ ಭಾಗೀರಥಿಯಂತೆ ಇಲ್ಲಿಯೂ ಬಲಿಯಾಗುವವಳು ಮನೆಯ ಸೊಸೆ. ಈ ಆಶಯಸಾಮ್ಯವನ್ನು ಗಮನಿಸಿದರೆ, ಐತಿಹ್ಯವನ್ನು ನಡೆದ ಘಟನೆಯೆಂದು ನೇರವಾಗಿ ಸ್ವೀಕರಿಸುವುದು ಸಾಧ್ಯವಿಲ್ಲ. ಮೂಢನಂಬಿಕೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಊರು ಕಟ್ಟುವ ಕಾರ್ಯದ ಬೆಲೆಯನ್ನು ಯಾರು ತೆತ್ತರು ಎಂಬುದಕ್ಕೆ ಶಾಸನಗಳು ಕೊಡದ ಉತ್ತರವನ್ನು ಜನಪದರು ಕಥೆಯಲ್ಲಿ ಇಟ್ಟಿದ್ದಾರೆ. ಆದರೆ ಆ ಉತ್ತರವೂ ನಿರ್ದೋಷವಲ್ಲ. ಸೊಸೆಯ ಸಾವನ್ನು ತ್ಯಾಗವೆಂದು ಪೂಜಿಸುವಾಗ, ಬಲಿಯನ್ನು ಬೇಡಿದ ವ್ಯವಸ್ಥೆ ಪ್ರಶ್ನೆಗೆ ಒಳಗಾಗದೆ ಉಳಿಯುತ್ತದೆ.

ಈ ದಿಸೆಯಲ್ಲಿ ಎರಡು ಶಿಸ್ತುಗಳೂ ತಪ್ಪಿವೆ. ಪುರಾತತ್ವ ಸ್ಥಳವನ್ನು ದಾಖಲಿಸಿ ಕಥೆಯನ್ನು ಬಿಟ್ಟಿತು. ಜಾನಪದ ಸಂಗ್ರಹಕಾರ್ಯ ಕಥೆಯನ್ನು ದಾಖಲಿಸಿ ಸ್ಥಳವನ್ನು ಮರೆಯಿತು. ಪರಿಣಾಮವಾಗಿ ಹೈದರನ ಕಾಲದ ಕಲ್ಲುಬಾಗಿಲನ್ನೇ ಲಕ್ಷ್ಮಮ್ಮನ ಬಾಗಿಲೆಂದು ಭಾವಿಸುವ ಗೊಂದಲಕ್ಕೆ ಅವಕಾಶವಾಗಿದೆ. ಐತಿಹ್ಯದ ಬಾಗಿಲು ಮಣ್ಣಿನ ಕೋಟೆಯದು, ಅದು ಇಂದಿಲ್ಲ.

ಆದ್ದರಿಂದ ಸಂರಕ್ಷಣೆಯೆಂದರೆ ಗಾರೆ ಹಚ್ಚಿ ಬೇಲಿ ಹಾಕುವುದಷ್ಟೇ ಅಲ್ಲ. ಮಣ್ಣಿನ ಕೋಟೆ, ಕಲ್ಲಿನ ಕೋಟೆ, 1791ರ ಮುತ್ತಿಗೆ, ಲಕ್ಷ್ಮಮ್ಮನ ಐತಿಹ್ಯ ಇವುಗಳನ್ನು ಒಂದರೊಡನೊಂದು ಬೆರೆಸದೆ, ಪ್ರತ್ಯೇಕ ಸ್ತರಗಳಾಗಿ ಸ್ಥಳದಲ್ಲಿಯೇ ಕನ್ನಡದಲ್ಲಿ ನಿರೂಪಿಸಬೇಕು. ಐತಿಹ್ಯದ ಪಾಠಾಂತರಗಳನ್ನು ಹೇಳಿದವರು, ಹೇಳಿದ ಸಂದರ್ಭಗಳ ಸಹಿತ ದಾಖಲಿಸಬೇಕು. ಕಲ್ಲು ಸವೆಯಲು ಶತಮಾನಗಳು ಬೇಕು. ಹೇಳುವವರು ಇಲ್ಲವಾದರೆ ಕಥೆ ಒಂದೇ ತಲೆಮಾರಿನಲ್ಲಿ ಅಳಿಯುತ್ತದೆ.